ಸ್ಲೈಡು ಓದುವ ಯಂತ್ರ: ಯಾರ ಉತ್ತರ, ಯಾವ ಲ್ಯಾಬಿನ ಬಣ್ಣ?

ಬಯಾಪ್ಸಿ ರಿಪೋರ್ಟು ಕೈಗೆ ಬಂದ ಮೇಲೆ ಅದಕ್ಕೆ ಮೇಲ್ಮನವಿ ಇಲ್ಲ ಎಂಬುದು ನಮ್ಮೆಲ್ಲರ ನಂಬಿಕೆ. ಸ್ಕ್ಯಾನು, ರಕ್ತಪರೀಕ್ಷೆಗಳು ಅನುಮಾನವನ್ನಷ್ಟೇ ಹೇಳುತ್ತವೆ; ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವರ ಮಾತೇ ತೀರ್ಪು. 2015ರಲ್ಲಿ ಅಮೆರಿಕದ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಈ ತೀರ್ಪನ್ನೇ ಪರೀಕ್ಷೆಗೆ ಕೂರಿಸಿತು. ಸ್ತನದ ಬಯಾಪ್ಸಿಯ 240 ಪ್ರಕರಣಗಳು, ಅವನ್ನು ಹಂಚಿಕೊಂಡು ಓದಿದ 115 ಪೆಥಾಲಜಿಸ್ಟರು. ಮೂವರು ಹಿರಿಯ ತಜ್ಞರು ಕೂತು ಚರ್ಚಿಸಿ ಕೊಟ್ಟ ಉತ್ತರವನ್ನು ಸರಿಯುತ್ತರ ಎಂದಿಟ್ಟುಕೊಂಡು ಹೋಲಿಸಿದಾಗ, ಓದಿದವರ ಉತ್ತರ ಅದಕ್ಕೆ ತಾಳೆಯಾದದ್ದು ಶೇ. 75.3ರಷ್ಟು ಸಲ. ಪಕ್ಕದ ಅಂಗಾಂಶಕ್ಕೆ ನುಗ್ಗಿದ ಕ್ಯಾನ್ಸರಿನಲ್ಲಿ ಯಾರೂ ಹೆಚ್ಚು ತಪ್ಪಲಿಲ್ಲ, ಶೇ. 96 ಹೊಂದಾಣಿಕೆ. ಕ್ಯಾನ್ಸರೂ ಅಲ್ಲದ, ಸಹಜವೂ ಅಲ್ಲದ 'ಅಟಿಪಿಯಾ' ಎಂಬ ನಡುವಿನ ಸ್ಥಿತಿಯಲ್ಲಿ ಮಾತ್ರ ಹೊಂದಾಣಿಕೆ ಶೇ. 48ಕ್ಕೆ ಇಳಿಯಿತು. ಸರಿಯುತ್ತರ ಬರೆದ ಆ ಮೂವರಾದರೂ? ಚರ್ಚೆಗೆ ಕೂರುವ ಮೊದಲು, ಬೇರೆ ಬೇರೆಯಾಗಿ ಓದಿದಾಗ, ಮೂವರೂ ಒಂದೇ ಮಾತು ಹೇಳಿದ್ದು ನಾಲ್ಕರಲ್ಲಿ ಮೂರು ಪ್ರಕರಣಗಳಲ್ಲಿ ಮಾತ್ರ.

ಇದನ್ನು ವೈದ್ಯರ ಅಜಾಗರೂಕತೆ ಎಂದು ತಳ್ಳಿಹಾಕುವಂತಿಲ್ಲ. ಸ್ತನದ ಹಾಲಿನ ನಾಳದೊಳಗೆ ಒಂದೇ ಬಗೆಯ ಕೋಶಗಳು ಗುಂಪುಗಟ್ಟಿ ಬೆಳೆದಿವೆ ಎನ್ನಿ. ಆ ಬೆಳವಣಿಗೆಯ ಹರವು ಸುಮಾರು ಎರಡು ಮಿಲಿಮೀಟರು ದಾಟಿದರೆ, ಅಥವಾ ಎರಡು ನಾಳಗಳನ್ನು ಪೂರ್ತಿ ತುಂಬಿದರೆ, ಅದು ನಾಳದೊಳಗಿನ ಕ್ಯಾನ್ಸರು. ಅದಕ್ಕಿಂತ ಕಡಿಮೆಯಾದರೆ ಅಟಿಪಿಯಾ. ಕೋಶಗಳ ರೂಪ ಎರಡರಲ್ಲೂ ಒಂದೇ. ಆ ಗೆರೆಯನ್ನು ಎಳೆದವರು ಮನುಷ್ಯರು, ಚಿಕಿತ್ಸೆ ನಿರ್ಧರಿಸಲು ಎಲ್ಲಾದರೂ ಒಂದು ಕಡೆ ಗೆರೆ ಬೇಕಿತ್ತು. ಕಂಪ್ಯೂಟರಿಗೆ ಅಂಗಾಂಶದ ಚಿತ್ರ ತೋರಿಸಿ ಕ್ಯಾನ್ಸರನ್ನು ವರ್ಗೀಕರಿಸಲು ಕಲಿಸುತ್ತೇವೆ ಎನ್ನುವಾಗ ನಾವು ಕಲಿಸುವುದು ಇಂಥ ಗೆರೆಗಳನ್ನೂ ಸೇರಿಸಿಯೇ. 'ಯಂತ್ರ ಶೇ. 99 ನಿಖರ' ಎಂಬ ಸುದ್ದಿ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆಗಳು ಎರಡು. ಯಾರ ಉತ್ತರಕ್ಕೆ ಹೋಲಿಸಿ ಶೇ. 99? ಯಾವ ಲ್ಯಾಬಿನ ಸ್ಲೈಡಿನ ಮೇಲೆ? ಕಳೆದ ಹತ್ತು ಹನ್ನೆರಡು ವರ್ಷಗಳ ಕೆಲಸವನ್ನು ಈ ಎರಡು ಪ್ರಶ್ನೆ ಹಿಡಿದು ನೋಡಿದರೆ ಎಲ್ಲಿ ಗಟ್ಟಿ ನೆಲವಿದೆ, ಎಲ್ಲಿ ಬರೀ ಹುಮ್ಮಸ್ಸಿದೆ ಎಂಬುದು ಸಾಕಷ್ಟು ತಿಳಿಯಾಗುತ್ತದೆ.

ಎರಡನೇ ಪ್ರಶ್ನೆ ಏಕೆ ಮುಖ್ಯವೆಂದು ತಿಳಿಯಲು ಸ್ಲೈಡು ತಯಾರಾಗುವ ಬಗೆಯನ್ನು ನೋಡಬೇಕು. ಶರೀರದಿಂದ ತೆಗೆದ ಚೂರು ಮೊದಲು ಫಾರ್ಮಾಲಿನ್‌ನಲ್ಲಿ ನೆನೆಯುತ್ತದೆ. ಆಮೇಲೆ ಅದರ ನೀರು ತೆಗೆದು, ಮೇಣದಲ್ಲಿ ಹುದುಗಿಸಿ, ಬ್ಲಾಕ್ ಮಾಡುತ್ತಾರೆ. ಮೈಕ್ರೊಟೋಮ್ ಎಂಬ ಉಪಕರಣದ ಅಲಗು ಆ ಬ್ಲಾಕಿನಿಂದ ಮೂರರಿಂದ ಐದು ಮೈಕ್ರಾನ್ ದಪ್ಪದ ಪದರ ಸೀಳುತ್ತದೆ. ಪದರಕ್ಕೆ ಆಗ ಬಣ್ಣವೇ ಇರುವುದಿಲ್ಲ, ಗಾಜಿನ ಮೇಲೆ ಕಂಡೂ ಕಾಣದಂತಿರುತ್ತದೆ. ಬಣ್ಣ ಕೊಡುವುದು ಎರಡು ದ್ರಾವಣಗಳು. ಮಧ್ಯ ಅಮೆರಿಕದ ಲಾಗ್‌ವುಡ್ ಮರದ ತಿರುಳಿನಿಂದ ಬರುವ ಹೆಮಟಾಕ್ಸಿಲಿನ್ ಕೋಶಕೇಂದ್ರಗಳನ್ನು ನೀಲಿ-ನೇರಳೆ ಮಾಡುತ್ತದೆ. ಇಯೋಸಿನ್ ಎಂಬ ಕೃತಕ ಬಣ್ಣ ಉಳಿದದ್ದನ್ನು ಗುಲಾಬಿಗೆ ತಿರುಗಿಸುತ್ತದೆ. ಹೆಮಟಾಕ್ಸಿಲಿನ್ ಮೊದಲು ಕೆಂಪು ಛಾಯೆಯಲ್ಲಿರುತ್ತದೆ. ತುಸು ಕ್ಷಾರವಿರುವ ನೀರಿನಲ್ಲಿ, ಎಷ್ಟೋ ಕಡೆ ನಲ್ಲಿಯ ನೀರಿನಲ್ಲೇ, ತೊಳೆದಾಗ ನೀಲಿಯಾಗುತ್ತದೆ. ಹಾಗಾಗಿ ಊರಿನ ನೀರು, ದ್ರಾವಣದ ಹಳತು ಹೊಸತು, ಟೆಕ್ನಿಷಿಯನ್ ಎಷ್ಟು ಹೊತ್ತು ಅದ್ದಿದ, ಅಲಗಿನ ಹರಿತ, ಫಾರ್ಮಾಲಿನ್‌ನಲ್ಲಿ ಚೂರು ಎಷ್ಟು ಗಂಟೆ ಕೂತಿತು ಎಂಬುದೆಲ್ಲ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ. ಅನುಭವಿ ಪೆಥಾಲಜಿಸ್ಟರು ಸ್ಲೈಡು ನೋಡಿದೊಡನೆ 'ಇದು ನಮ್ಮ ಲ್ಯಾಬಿನದಲ್ಲ' ಎನ್ನಬಲ್ಲರು. ಎಂದ ಮೇಲೆ ಆ ಬಣ್ಣದ ವ್ಯತ್ಯಾಸವನ್ನು ಬದಿಗಿಟ್ಟು ಕೋಶಗಳನ್ನು ನೋಡುತ್ತಾರೆ. ಹೀಗೆ ಬದಿಗಿಡುವುದು ಯಂತ್ರಕ್ಕೆ ತಾನಾಗಿ ಬರುವ ಗುಣವಲ್ಲ.

ಇನ್ನು ಚಿತ್ರದ ಗಾತ್ರ. ಸ್ಕ್ಯಾನರು ಸ್ಲೈಡನ್ನು ನಲವತ್ತು ಪಟ್ಟು ಹಿಗ್ಗಿಸಿ ಓದುವಾಗ ಒಂದು ಪಿಕ್ಸೆಲ್ ಎಂದರೆ ಸರಿಸುಮಾರು ಕಾಲು ಮೈಕ್ರಾನ್. ಒಂದೂವರೆ ಸೆಂಟಿಮೀಟರು ಉದ್ದಗಲದ ಅಂಗಾಂಶವಿದ್ದರೆ ಅಡ್ಡಕ್ಕೆ 60,000, ಉದ್ದಕ್ಕೆ 60,000 ಪಿಕ್ಸೆಲ್, ಒಟ್ಟು 360 ಕೋಟಿ. ಅಷ್ಟು ದೊಡ್ಡ ಚಿತ್ರವನ್ನು ಯಾವ ನರಜಾಲವೂ, ಅಂದರೆ ನ್ಯೂರಲ್ ನೆಟ್‌ವರ್ಕೂ, ಒಂದೇ ಸಲ ನುಂಗಲಾರದು. ಅದನ್ನು 224 ಪಿಕ್ಸೆಲ್ ಉದ್ದಗಲದ ಚೂರುಗಳಾಗಿ ಕತ್ತರಿಸುವುದು ರೂಢಿ. ಆಗ ಸಿಗುವುದು ಸುಮಾರು 70,000 ಚೂರು. ದುಗ್ಧಗ್ರಂಥಿಯಲ್ಲಿ ಅಡಗಿದ, ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಅಗಲದ ಕ್ಯಾನ್ಸರು ಇವುಗಳಲ್ಲಿ ಹನ್ನೆರಡು ಹದಿಮೂರು ಚೂರುಗಳಲ್ಲಷ್ಟೇ ಇರುತ್ತದೆ. ಉಳಿದವೆಲ್ಲ ನಿರಪಾಯಕಾರಿ. ಆ ಹದಿಮೂರು ತಪ್ಪಿಹೋದರೆ ಇಡೀ ರಿಪೋರ್ಟೇ ತಪ್ಪು.

ಯಂತ್ರದಿಂದ ಸ್ಲೈಡು ಓದಿಸುವ ಆಸೆ ಇಂದು ನಿನ್ನೆಯದಲ್ಲ. ಗರ್ಭಕೊರಳಿನ ಸ್ಮಿಯರ್ ಪರೀಕ್ಷೆಯ ಕೋಶಗಳನ್ನು ಯಂತ್ರದಿಂದ ಓದಿಸುವ ಯತ್ನ 1950ರ ದಶಕದಲ್ಲೇ ನಡೆದಿತ್ತು. ನರಜಾಲ ಬಳಸಿದ ಪ್ಯಾಪ್‌ನೆಟ್ ಎಂಬ ವ್ಯವಸ್ಥೆಗೆ 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆಯನ್ನೂ ಕೊಟ್ಟಿತು. ಅದು ಪ್ರತಿ ಸ್ಮಿಯರಿನಿಂದ ಅತಿ ಅನುಮಾನಾಸ್ಪದವಾದ 128 ಚಿತ್ರಗಳನ್ನು ಆರಿಸಿ ಪರದೆಯ ಮೇಲಿಡುತ್ತಿತ್ತು, ನೋಡಿ ತೀರ್ಮಾನಿಸುವವರು ಮನುಷ್ಯರು. ತಂತ್ರ ಕೆಲಸ ಮಾಡಿತು, ಲೆಕ್ಕ ಹೊಂದಲಿಲ್ಲ. ಆ ದಶಕ ಮುಗಿಯುವಷ್ಟರಲ್ಲಿ ಕಂಪನಿ ದಿವಾಳಿಯಾಯಿತು. ಇವತ್ತಿನ ಉತ್ಸಾಹಿಗಳು ಈ ಕಥೆಯನ್ನು ಅಷ್ಟಾಗಿ ನೆನೆಯುವುದಿಲ್ಲ.

ಮುಂದೆ ಬಂದದ್ದು, ಏನನ್ನು ಅಳೆಯಬೇಕೆಂದು ಮನುಷ್ಯರೇ ಹೇಳಿಕೊಟ್ಟು ಯಂತ್ರದಿಂದ ಅಳೆಸುವ ಕಾಲ: ಕೋಶಕೇಂದ್ರದ ಗಾತ್ರ, ಅಂಚಿನ ಒರಟುತನ, ನೆರೆಯ ಕೋಶಕ್ಕೆ ಇರುವ ದೂರ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವೊಂದು ಸ್ತನ ಕ್ಯಾನ್ಸರಿನ ಚಿತ್ರಗಳಿಂದ ಇಂಥ 6,642 ಅಳತೆಗಳನ್ನು ತೆಗೆಯಿತು. ರೋಗಿ ಎಷ್ಟು ಕಾಲ ಬದುಕಬಹುದೆಂದು ಸೂಚಿಸಿದ ಅಳತೆಗಳಲ್ಲಿ ಕೆಲವು ಕ್ಯಾನ್ಸರ್ ಕೋಶಗಳವೇ ಆಗಿರಲಿಲ್ಲ. ಅವುಗಳ ಸುತ್ತಲಿನ ಆಧಾರ ಅಂಗಾಂಶದವು. ಸ್ತನ ಕ್ಯಾನ್ಸರಿನ ದರ್ಜೆ ಹೇಳುವಾಗ ಪೆಥಾಲಜಿಸ್ಟರು ಲೆಕ್ಕಕ್ಕೆ ತೆಗೆದುಕೊಳ್ಳದ ಭಾಗವದು. ಈ ಕ್ಷೇತ್ರದಲ್ಲಿ ನನಗೆ ತೀರ ಇಷ್ಟವಾದ ಫಲಿತಾಂಶ ಇದೇ. ಯಂತ್ರ ಇಲ್ಲಿ ಮನುಷ್ಯರ ಉತ್ತರವನ್ನು ನಕಲು ಮಾಡಲಿಲ್ಲ, ಮನುಷ್ಯರು ಕೇಳದಿದ್ದ ಪ್ರಶ್ನೆಯನ್ನು ಕೇಳಿತು. ಹೋಲಿಕೆಯೂ ಇನ್ನೊಬ್ಬ ವೈದ್ಯರ ಅಭಿಪ್ರಾಯಕ್ಕಲ್ಲ, ರೋಗಿ ಮುಂದೆ ಏನಾದರು ಎಂಬ ಸಂಗತಿಗೆ.

2012ರ ನಂತರ ಆಳ ಕಲಿಕೆ, ಅಂದರೆ ಡೀಪ್ ಲರ್ನಿಂಗ್, ಈ ಅಳತೆಪಟ್ಟಿಯನ್ನೇ ಬೇಡವಾಗಿಸಿತು. ಚಿತ್ರ ಕೊಡಿ, ಉತ್ತರ ಕೊಡಿ, ಯಾವುದನ್ನು ನೋಡಬೇಕೆಂದು ಯಂತ್ರವೇ ಕಂಡುಕೊಳ್ಳುತ್ತದೆ ಎಂಬುದು ಹೊಸ ವಿಧಾನ. ಅದರ ದೊಡ್ಡ ಪರೀಕ್ಷೆ ನಡೆದದ್ದು ನೆದರ್‌ಲೆಂಡ್ಸ್‌ನಲ್ಲಿ. ಸ್ತನ ಕ್ಯಾನ್ಸರು ಹರಡುವಾಗ ಸಾಮಾನ್ಯವಾಗಿ ಮೊದಲು ತಲುಪುವುದು ಕಂಕುಳಿನ ಕಾವಲು ದುಗ್ಧಗ್ರಂಥಿಯನ್ನು. ಅದನ್ನು ತೆಗೆದು ಪದರ ಪದರವಾಗಿ ಹುಡುಕುವುದು ಪೆಥಾಲಜಿಸ್ಟರಿಗೆ ಬೇಸರದ, ಆದರೆ ತಪ್ಪಿಸಲಾಗದ ಕೆಲಸ. ನೈಮೇಖನ್ ಮತ್ತು ಉಟ್ರೆಕ್ಟ್‌ನ ವಿಶ್ವವಿದ್ಯಾಲಯ ಆಸ್ಪತ್ರೆಗಳು ಇಂಥ 399 ಸ್ಲೈಡುಗಳ ಚಿತ್ರಗಳನ್ನು ಕ್ಯಾಮೆಲಿಯನ್16 ಎಂಬ ಹೆಸರಿನ ಸ್ಪರ್ಧೆಗೆ ಇಟ್ಟವು: 270 ಕಲಿಯಲು, 129 ಪರೀಕ್ಷೆಗೆ. 23 ತಂಡಗಳು, 32 ಕ್ರಮವಿಧಿಗಳು, ಅಂದರೆ ಅಲ್ಗಾರಿದಮ್‌ಗಳು.

ಫಲಿತಾಂಶ 2017ರ ಡಿಸೆಂಬರಿನಲ್ಲಿ ಜಾಮಾದಲ್ಲಿ ಬಂತು. ಕ್ಯಾನ್ಸರ್ ಇರುವ ಸ್ಲೈಡನ್ನು ಇಲ್ಲದ್ದರಿಂದ ಬೇರ್ಪಡಿಸುವ ಸಾಮರ್ಥ್ಯಕ್ಕೆ ಒಂದು ಅಂಕವಿದೆ. ಪೂರ್ತಿ ಸರಿಯಾದರೆ 1, ನಾಣ್ಯ ಚಿಮ್ಮಿದಂತಾದರೆ 0.5. ಗೆದ್ದ ಕ್ರಮವಿಧಿಗೆ ಸಿಕ್ಕದ್ದು 0.994, ಹನ್ನೊಂದು ಪೆಥಾಲಜಿಸ್ಟರ ಸರಾಸರಿ 0.81. ಯಂತ್ರ ವೈದ್ಯರನ್ನು ಮೀರಿಸಿತು ಎಂದು ಪತ್ರಿಕೆಗಳು ಬರೆದವು. ಆದರೆ ಆ ಹನ್ನೊಂದು ಮಂದಿಗೆ ಕೊಟ್ಟಿದ್ದ ಸಮಯ 129 ಸ್ಲೈಡುಗಳಿಗೆ ಹೆಚ್ಚುಕಡಿಮೆ ಎರಡು ಗಂಟೆ, ಸ್ಲೈಡಿಗೆ ಒಂದು ನಿಮಿಷವೂ ಇಲ್ಲ. ಸಮಯದ ಮಿತಿಯಿಲ್ಲದೆ ಓದಿದ ಇನ್ನೊಬ್ಬ ಪೆಥಾಲಜಿಸ್ಟರು ಸುಮಾರು ಮೂವತ್ತು ಗಂಟೆ ತೆಗೆದುಕೊಂಡು 0.966 ಪಡೆದರು. ಒಬ್ಬ ವೈದ್ಯರಿಗೆ ಒಂದೇ ಪರೀಕ್ಷೆಗೆ ಮೂವತ್ತು ಗಂಟೆ ಎಲ್ಲಿಂದ ಬರಬೇಕು? ಹಾಗೆ ನೋಡಿದರೆ ಸ್ಪರ್ಧೆ ತೋರಿಸಿದ್ದು ಯಂತ್ರದ ಜಾಣತನವನ್ನಲ್ಲ, ಆಯಾಸವಿಲ್ಲದಿರುವಿಕೆಯನ್ನು. ಎರಡು ಮಿಲಿಮೀಟರಿಗಿಂತ ಚಿಕ್ಕ ಹರಡುವಿಕೆ ಮಾತ್ರ ಇದ್ದ ಸ್ಲೈಡುಗಳಲ್ಲಿ ಆ ಹನ್ನೊಂದು ಮಂದಿಯಲ್ಲಿ ಅತ್ಯುತ್ತಮರಾದವರೂ ಶೇ. 37ರಷ್ಟನ್ನು ಬಿಟ್ಟಿದ್ದರು.

ಇನ್ನೊಂದು ಸಂಗತಿ ಸುದ್ದಿಯಲ್ಲಿ ಬರಲಿಲ್ಲ. ಆ ಸ್ಲೈಡುಗಳ ಸರಿಯುತ್ತರ ಬಂದದ್ದು ಗುಲಾಬಿ-ನೀಲಿ ಬಣ್ಣದಿಂದಷ್ಟೇ ಅಲ್ಲ. ಅನುಮಾನವಿದ್ದಲ್ಲಿ ಅದೇ ಅಂಗಾಂಶಕ್ಕೆ ಇಮ್ಯುನೊ ಬಣ್ಣ ಹಾಕಿ ನೋಡಲಾಗಿತ್ತು. ಪ್ರತಿಕಾಯಗಳ ಮೂಲಕ ಕ್ಯಾನ್ಸರ್ ಕೋಶದ ಪ್ರೋಟೀನನ್ನೇ ಕಂದು ಬಣ್ಣದಲ್ಲಿ ತೋರಿಸುವ, ದುಬಾರಿಯಾದ ಬಣ್ಣವದು. ಅಂದರೆ ಯಂತ್ರಕ್ಕೆ ಕಲಿಸಿದ ಉತ್ತರ ಗುಲಾಬಿ-ನೀಲಿಯನ್ನಷ್ಟೇ ನೋಡಿ ಮನುಷ್ಯರು ಕೊಡುವ ಉತ್ತರಕ್ಕಿಂತ ಒಂದು ಮೆಟ್ಟಿಲು ಮೇಲಿತ್ತು. ಇಷ್ಟು ಕಾಳಜಿಯ ನಂತರವೂ, ಸಹಜ ಎಂದು ಗುರುತಿಸಿದ್ದ ಎರಡು ಸ್ಲೈಡುಗಳಲ್ಲಿ ಕ್ಯಾನ್ಸರ್ ಇದೆಯೆಂದು ಆಮೇಲೆ ಗೂಗಲ್‌ನ ತಂಡ ಕಂಡುಕೊಂಡಿತು. ಅದೇ ತಂಡ ಮುಂದೆ ಆರು ಪೆಥಾಲಜಿಸ್ಟರಿಗೆ ಯಂತ್ರದ ನೆರವಿನಿಂದ ಓದಲು ಹೇಳಿದಾಗ, ಚಿಕ್ಕ ಹರಡುವಿಕೆಗಳನ್ನು ಹಿಡಿಯುವ ಪ್ರಮಾಣ ಶೇ. 83ರಿಂದ 91ಕ್ಕೆ ಏರಿತು, ಅಂಥ ಸ್ಲೈಡಿಗೆ ತಗಲುವ ಸಮಯ 116 ಸೆಕೆಂಡಿನಿಂದ 61ಕ್ಕೆ ಇಳಿಯಿತು. ಯಂತ್ರ ಮತ್ತು ವೈದ್ಯರ ಪಂದ್ಯಕ್ಕಿಂತ ಈ ಜೋಡಿಯ ಲೆಕ್ಕವೇ ಹೆಚ್ಚು ಉಪಯುಕ್ತ.

ಇಲ್ಲಿ ಪಾರಿವಾಳಗಳನ್ನು ನೆನೆಯಬೇಕು. 2015ರಲ್ಲಿ ಅಮೆರಿಕದ ಸಂಶೋಧಕರು ಪಾರಿವಾಳಗಳಿಗೆ ಸ್ತನದ ಅಂಗಾಂಶದ ಚಿತ್ರ ತೋರಿಸಿ, ಸರಿಯಾಗಿ ಕುಟುಕಿದರೆ ಕಾಳು ಕೊಟ್ಟು ಕಲಿಸಿದರು. ಎರಡು ವಾರದ ಹೊತ್ತಿಗೆ ಅವು ಶೇ. 85ರ ಆಸುಪಾಸಿನಲ್ಲಿ ಸರಿ ಹೇಳುತ್ತಿದ್ದವು. ಕೆಲವು ಪಾರಿವಾಳಗಳ 'ಮತ' ಕೂಡಿಸಿದರೆ ಶೇ. 99. ಹಿಂದೆ ನೋಡಿರದ ಚಿತ್ರಗಳಲ್ಲೂ ಗೆದ್ದವು. ಆದರೆ ಮ್ಯಾಮೊಗ್ರಾಮಿನ ಗಡ್ಡೆಗಳನ್ನು ತೋರಿಸಿದಾಗ, ನೋಡಿದ ಚಿತ್ರಗಳನ್ನು ಬಾಯಿಪಾಠ ಮಾಡಿಕೊಂಡವೇ ಹೊರತು ಹೊಸ ಚಿತ್ರಗಳ ಮುಂದೆ ಸೋತವು. ಇದನ್ನು ತಮಾಷೆಗಾಗಿ ಹೇಳುತ್ತಿಲ್ಲ. ಶೇ. 99 ಎಂಬ ಅಂಕಿಯ ಹಿಂದೆ ತಿಳಿವಳಿಕೆಯೂ ಇರಬಹುದು, ಬಾಯಿಪಾಠವೂ ಇರಬಹುದು. ಅಂಕಿಯನ್ನಷ್ಟೇ ನೋಡಿದವರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಾಯಿಪಾಠದ ಉದಾಹರಣೆಗೆ ದೂರ ಹೋಗಬೇಕಿಲ್ಲ. ಬ್ರೆಜಿಲ್‌ನಿಂದ ಬಂದ ಬ್ರೇಕ್‌ಹಿಸ್ ಎಂಬ ಚಿತ್ರಸಂಗ್ರಹ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟುಗಳಿಗೂ ಚಿರಪರಿಚಿತ. ಅದರಲ್ಲಿ ಸ್ತನದ ಗಡ್ಡೆಗಳ 7,909 ಚಿತ್ರಗಳಿವೆ. ಕೇಳಲು ದೊಡ್ಡ ಸಂಖ್ಯೆ, ಆದರೆ ಅವೆಲ್ಲ 82 ರೋಗಿಗಳವು. ಒಬ್ಬೊಬ್ಬರ ಸ್ಲೈಡಿನಿಂದಲೂ ನಾಲ್ಕು ಬೇರೆ ಬೇರೆ ವರ್ಧನೆಗಳಲ್ಲಿ ಹತ್ತಾರು ಚಿತ್ರ ತೆಗೆಯಲಾಗಿದೆ. ಸಂಗ್ರಹ ಕೊಟ್ಟವರು ರೋಗಿಗಳನ್ನೇ ಎರಡು ಪಾಲು ಮಾಡಿ, ಒಂದು ಪಾಲಿನಿಂದ ಕಲಿಸಿ ಇನ್ನೊಂದರ ಮೇಲೆ ಪರೀಕ್ಷಿಸುವ ಕ್ರಮವನ್ನು ತೋರಿಸಿದ್ದರು; ಹಾಗೆ ಮಾಡಿದಾಗ ಅವರಿಗೆ ಸಿಕ್ಕದ್ದು ಶೇ. 80ರಿಂದ 85. ನಂತರ ಬಂದ ಎಷ್ಟೋ ಪ್ರಬಂಧಗಳು ರೋಗಿಗಳನ್ನು ಬಿಟ್ಟು ಚಿತ್ರಗಳನ್ನು ಕಲಸಿ ಪಾಲು ಮಾಡಿದವು. ಆಗ ಒಬ್ಬಳೇ ಮಹಿಳೆಯ ಗಡ್ಡೆಯ ಮೂವತ್ತು ಚಿತ್ರ ಕಲಿಕೆಗೂ, ಹತ್ತು ಚಿತ್ರ ಪರೀಕ್ಷೆಗೂ ಹೋಗುತ್ತವೆ. ಪ್ರಶ್ನೆಪತ್ರಿಕೆ ಮೊದಲೇ ಬಯಲಾದ ಪರೀಕ್ಷೆಯಂತೆ ಅಂಕ ಶೇ. 98, 99ಕ್ಕೆ ಜಿಗಿಯುತ್ತದೆ. ಇನ್ನೊಂದು ಸಣ್ಣ ಲೆಕ್ಕ: ಆ 7,909ರಲ್ಲಿ 5,429 ಕ್ಯಾನ್ಸರಿನ ಚಿತ್ರಗಳು. ಕಣ್ಣು ಮುಚ್ಚಿಕೊಂಡು ಎಲ್ಲಕ್ಕೂ 'ಕ್ಯಾನ್ಸರ್' ಎಂದರೂ ಶೇ. 69 ಅಂಕ ಬರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಮೋಸ ಇನ್ನೊಂದಿದೆ, ಅದನ್ನು ಮಾಡುವವರು ಯಾರೂ ಇಲ್ಲ. ಸ್ಲೈಡಿನ ಮೇಲೆ ಅನುಮಾನದ ಜಾಗಕ್ಕೆ ಪೆಥಾಲಜಿಸ್ಟರು ಪೆನ್ನಿನಲ್ಲಿ ಚುಕ್ಕೆ ಇಡುವುದುಂಟು. ಸ್ಕ್ಯಾನ್ ಮಾಡುವಾಗ ಅದನ್ನು ಅಳಿಸದಿದ್ದರೆ ಯಂತ್ರ ಕೋಶವನ್ನು ಬಿಟ್ಟು ಶಾಯಿಯನ್ನೇ ಕಲಿತೀತು. ಶಾಯಿಯಾದರೂ ಕಣ್ಣಿಗೆ ಬೀಳುತ್ತದೆ. ಲ್ಯಾಬಿನ ಗುರುತು ಬೀಳುವುದಿಲ್ಲ. ಅಮೆರಿಕದ ಟಿಸಿಜಿಎ ಯೋಜನೆ 33 ಬಗೆಯ ಕ್ಯಾನ್ಸರುಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಅಂಗಾಂಶ ಮತ್ತು ಜೀನ್ ಮಾಹಿತಿಯನ್ನು ಒಟ್ಟುಮಾಡಿ ಜಗತ್ತಿಗೆ ತೆರೆದಿಟ್ಟಿದೆ. ಈ ಕ್ಷೇತ್ರದ ಅರ್ಧಕ್ಕರ್ಧ ಕೆಲಸ ನಿಂತಿರುವುದು ಅದರ ಮೇಲೆ. 2021ರಲ್ಲಿ ಶಿಕಾಗೊದ ಸಂಶೋಧಕರು ಒಂದು ಸರಳ ಪ್ರಶ್ನೆ ಕೇಳಿದರು: ಸ್ಲೈಡು ಯಾವ ಆಸ್ಪತ್ರೆಯಿಂದ ಬಂತೆಂದು ಯಂತ್ರ ಹೇಳಬಲ್ಲದೆ? ಹೇಳಿತು, ಬಹಳ ನಿಖರವಾಗಿ. ಬಣ್ಣಗಳನ್ನು ಗಣಿತದಿಂದ ಸಮ ಮಾಡಿದ ಮೇಲೂ ಹೇಳಿತು. ಇದರ ಪರಿಣಾಮ ಊಹಿಸಿ. ಒಂದು ಆಸ್ಪತ್ರೆಗೆ ತೀವ್ರ ಹಂತದ ರೋಗಿಗಳು ಹೆಚ್ಚು ಬರುತ್ತಾರೆ, ಇನ್ನೊಂದಕ್ಕೆ ಒಂದು ಜನಾಂಗದವರು ಹೆಚ್ಚು ಬರುತ್ತಾರೆ. ಯಂತ್ರ ಆಸ್ಪತ್ರೆಯನ್ನು ಗುರುತಿಸಿ, ಅಲ್ಲಿಂದ ಉತ್ತರವನ್ನು ಊಹಿಸಿ, ರೋಗವನ್ನೇ ಕಂಡೆ ಎಂಬಂತೆ ಅಂಕ ಗಳಿಸುತ್ತದೆ. ಒಂದು ಆಸ್ಪತ್ರೆಯ ಸ್ಲೈಡುಗಳು ಕಲಿಕೆಗೂ ಪರೀಕ್ಷೆಗೂ ಹಂಚಿಹೋಗದಂತೆ ನೋಡಿಕೊಂಡಾಗ ಹಲವು ಹೆಮ್ಮೆಯ ಅಂಕಿಗಳು ಇಳಿದವು.

ಟಿಸಿಜಿಎ ಮೇಲೆಯೇ ಕಟ್ಟಿದ ಇನ್ನೊಂದು ಬಗೆಯ ಕೆಲಸವನ್ನು ಈ ಎಚ್ಚರದಿಂದಲೇ ಓದಬೇಕು: ಗುಲಾಬಿ-ನೀಲಿ ಚಿತ್ರದಿಂದ ಜೀನ್ ದೋಷವನ್ನು ಊಹಿಸುವುದು. 2018ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ ಶ್ವಾಸಕೋಶದ ಎರಡು ಮುಖ್ಯ ಕ್ಯಾನ್ಸರುಗಳನ್ನು 0.97ರ ಅಂಕದಲ್ಲಿ ಬೇರ್ಪಡಿಸಿತು. ಆರು ಜೀನ್‌ಗಳ ದೋಷವನ್ನೂ ಹೇಳಲು ನೋಡಿತು. ಅಲ್ಲಿ ಅಂಕ 0.73ರಿಂದ 0.86. ಮೊದಲನೆಯದು ಪೆಥಾಲಜಿಸ್ಟರೂ ಮಾಡುವ ಕೆಲಸ, ಎರಡನೆಯದು ಯಾವ ಕಣ್ಣೂ ಮಾಡದ ಕೆಲಸ. ಮರುವರ್ಷ ಜರ್ಮನಿಯ ತಂಡವೊಂದು ಜಠರ ಮತ್ತು ಕರುಳಿನ ಕ್ಯಾನ್ಸರುಗಳಲ್ಲಿ ಇಮ್ಯುನೊಥೆರಪಿ ಯಾರಿಗೆ ಫಲಿಸೀತು ಎಂಬುದಕ್ಕೆ ಸೂಚನೆಯಾಗುವ ಡಿಎನ್‌ಎ ಅಸ್ಥಿರತೆಯನ್ನು ಚಿತ್ರದಿಂದಲೇ ಗುರುತಿಸಿ ತೋರಿಸಿತು. ಜೀನ್ ಪರೀಕ್ಷೆಗೆ ಹಣವಿಲ್ಲದಲ್ಲಿ ಇದು ದೊಡ್ಡ ವರವೆನಿಸಬಹುದು. ಆದರೆ 0.8ರ ಅಂಕ ಇಟ್ಟುಕೊಂಡು ಯಾರಿಗೂ ಔಷಧ ಬರೆಯಲಾಗದು. ಯಾರ ಜೀನ್ ಪರೀಕ್ಷೆ ಮೊದಲು ಮಾಡಿಸಬೇಕು ಎಂದು ಜರಡಿ ಹಿಡಿಯಲು ಮಾತ್ರ ಸಾಕು.

ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯ ಬೇರೆ. ಅಲ್ಲಿ ಯಂತ್ರ ಆಸ್ಪತ್ರೆಯ ಹೊಸ್ತಿಲು ದಾಟಿದೆ. ಡೊನಾಲ್ಡ್ ಗ್ಲೀಸನ್ 1966ರಲ್ಲಿ ಮುಂದಿಟ್ಟ ದರ್ಜೆಯ ಕ್ರಮ, ತಿದ್ದುಪಡಿಗಳೊಂದಿಗೆ, ಇಂದಿಗೂ ಚಾಲ್ತಿಯಲ್ಲಿದೆ. ಅದು ಕೋಶಗಳಿಗಿಂತ ಗ್ರಂಥಿಗಳ ವಿನ್ಯಾಸವನ್ನು ನೋಡುತ್ತದೆ, ಅವು ಬಿಡಿಬಿಡಿಯಾಗಿವೆಯೆ, ಒಂದಕ್ಕೊಂದು ಬೆಸೆದಿವೆಯೆ, ಪೂರ್ತಿ ಕರಗಿವೆಯೆ ಎಂದು. 3ನೇ ವಿನ್ಯಾಸವೊ 4ನೆಯದೊ ಎಂಬುದರ ಮೇಲೆ ಶಸ್ತ್ರಚಿಕಿತ್ಸೆಯೊ ಬರೀ ನಿಗಾವೊ ಎಂಬುದು ನಿಂತಿರುತ್ತದೆ, ಇಬ್ಬರು ಪೆಥಾಲಜಿಸ್ಟರು ಭಿನ್ನಮತ ತಾಳುವುದೂ ಅಲ್ಲೇ. 2020ರಲ್ಲಿ ಪಾಂಡಾ ಎಂಬ ಸ್ಪರ್ಧೆಯಲ್ಲಿ 65 ದೇಶಗಳ 1,290 ಮಂದಿ ಇದಕ್ಕೆ ಕೈಹಾಕಿದರು. ಗೆದ್ದ ಕ್ರಮವಿಧಿಗಳನ್ನು ಸ್ಪರ್ಧೆಯ ಹೊರಗಿನ ಅಮೆರಿಕ ಮತ್ತು ಯುರೋಪಿನ ಸ್ಲೈಡುಗಳ ಮೇಲೆಯೂ ಓಡಿಸಿ ನೋಡಲಾಯಿತು. ತಜ್ಞರ ಜತೆಗಿನ ಹೊಂದಾಣಿಕೆ ಎರಡೂ ಕಡೆ ಸುಮಾರು 0.86. ಹೊರಗಿನ ಪರೀಕ್ಷೆ ನಡೆಸಿದ್ದಕ್ಕಾಗಿಯೇ ಈ ಅಂಕಿಗೆ ಬೆಲೆ.

ಈ ನಡುವೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆ ಲೇಬಲ್ ಹಾಕುವ ಕಷ್ಟಕ್ಕೆ ಬೇರೆ ದಾರಿ ಹುಡುಕಿತ್ತು. ಪ್ರತಿ ಸ್ಲೈಡಿನಲ್ಲೂ ಕ್ಯಾನ್ಸರಿನ ಅಂಚಿಗೆ ಗೆರೆ ಎಳೆದು ಕೊಡಲು ಯಾವ ತಜ್ಞರಿಗೂ ಪುರುಸೊತ್ತಿಲ್ಲ. ಬದಲಿಗೆ 'ಈ ಸ್ಲೈಡಿನಲ್ಲಿ ಎಲ್ಲೋ ಇದೆ' ಅಥವಾ 'ಎಲ್ಲೂ ಇಲ್ಲ' ಎಂಬ ರಿಪೋರ್ಟಿನ ಮಾತನ್ನಷ್ಟೇ ಯಂತ್ರಕ್ಕೆ ಕೊಟ್ಟರು. 15,187 ರೋಗಿಗಳ 44,732 ಸ್ಲೈಡು ನೋಡಿದ ಮೇಲೆ, ಎಲ್ಲಿದೆ ಎಂಬುದನ್ನು ಅದು ತಾನೇ ಕಂಡುಕೊಂಡಿತು. 2019ರ ಆ ಪ್ರಬಂಧದ ಪ್ರಕಾರ ಒಂದೂ ಕ್ಯಾನ್ಸರು ಕೈತಪ್ಪದಂತೆ ಶೇ. 65ರಿಂದ 75ರಷ್ಟು ಸ್ಲೈಡುಗಳನ್ನು ಪೆಥಾಲಜಿಸ್ಟರ ಮೇಜಿನಿಂದ ತೆಗೆದಿಡಬಹುದು. ಅಲ್ಲಿಂದ ಹುಟ್ಟಿದ ಪೇಜ್ ಪ್ರಾಸ್ಟೇಟ್ ತಂತ್ರಾಂಶಕ್ಕೆ 2021ರ ಸೆಪ್ಟೆಂಬರಿನಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು, ಪೆಥಾಲಜಿಯಲ್ಲಿ ಈ ಬಗೆಯ ಮೊದಲನೆಯದು. ಒಪ್ಪಿಗೆಯ ಆಧಾರ 16 ಪೆಥಾಲಜಿಸ್ಟರು 527 ಚಿತ್ರಗಳನ್ನು ನೆರವಿಲ್ಲದೆಯೂ ನೆರವಿನಿಂದಲೂ ಓದಿದ ಅಧ್ಯಯನ. ನೆರವಿದ್ದಾಗ ಕ್ಯಾನ್ಸರ್ ಪತ್ತೆ ಸರಾಸರಿ ಶೇ. 7.3ರಷ್ಟು ಹೆಚ್ಚಿತ್ತು. ಒಪ್ಪಿಗೆ ಇರುವುದು ವೈದ್ಯರು ಓದಿದ ಸ್ಲೈಡಿಗೆ ಎರಡನೇ ಕಣ್ಣಾಗಲು. ಓದದೆ ತೆಗೆದಿಡಲು ಅಲ್ಲ.

ಹೊಸ ಅಲೆಯೆಂದರೆ ತಳಹದಿ ಮಾದರಿಗಳು. ಯಾವ ಉತ್ತರವನ್ನೂ ಕೊಡದೆ ಲಕ್ಷಗಟ್ಟಲೆ ಸ್ಲೈಡು ತೋರಿಸಿ, ಅಂಗಾಂಶ ಹೇಗೆ ಕಾಣುತ್ತದೆ ಎಂಬುದನ್ನಷ್ಟೇ ಯಂತ್ರಕ್ಕೆ ರೂಢಿಮಾಡಿಸುವುದು, ಆಮೇಲೆ ಒಂದೊಂದು ಕೆಲಸಕ್ಕೆ ಚೂರು ಪಾಠ ಹೇಳುವುದು. 2024ರಲ್ಲಿ ಹಾರ್ವರ್ಡ್‌ನ ಯುನಿ ಒಂದು ಲಕ್ಷಕ್ಕೂ ಹೆಚ್ಚು, ಮೈಕ್ರೊಸಾಫ್ಟ್ ಸಂಗಡಿಗರ ಪ್ರೊವ್-ಗಿಗಾಪಾತ್ 1,71,189, ಜರ್ಮನ್ ವೈದ್ಯ ವಿರ್ಕೊ ಹೆಸರನ್ನೇ ಇಟ್ಟುಕೊಂಡ ಮಾದರಿ ಹದಿನೈದು ಲಕ್ಷ ಸ್ಲೈಡುಗಳ ಮೇಲೆ ತಯಾರಾದವು. ಅಪರೂಪದ ಕ್ಯಾನ್ಸರುಗಳಿಗೆ ಇವು ನಿಜಕ್ಕೂ ಉಪಕಾರಿ, ಏಕೆಂದರೆ ಅಲ್ಲಿ ಕಲಿಸಲು ಸಿಗುವ ಸ್ಲೈಡುಗಳೇ ಬೆರಳೆಣಿಕೆಯವು. ಆದರೆ ಸ್ಲೈಡುಗಳು ಬಂದದ್ದು ಬಹುಪಾಲು ಅಮೆರಿಕದ ಕೆಲವೇ ಆಸ್ಪತ್ರೆಗಳಿಂದ.

ಇಲ್ಲಿ ನಮ್ಮ ಪಾಲಿನ ಮಾತು ಬರುತ್ತದೆ. ಗ್ಲೋಬೊಕಾನ್ ಎಂಬ ಜಾಗತಿಕ ಕ್ಯಾನ್ಸರ್ ಲೆಕ್ಕದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಕ್ಯಾನ್ಸರ್ ಬಂದವರು ಸುಮಾರು 14.1 ಲಕ್ಷ. ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಯಿ ಮತ್ತು ತುಟಿಯ ಕ್ಯಾನ್ಸರು. ಎಲೆ-ಅಡಿಕೆ, ಗುಟ್ಕಾ, ಹೊಗೆಸೊಪ್ಪು ದವಡೆಯಲ್ಲಿಟ್ಟುಕೊಳ್ಳುವ ನಾಡಿನಲ್ಲಿ ಅದು ಹೆಚ್ಚಾಗಿ ಕೆನ್ನೆಯ ಒಳಭಾಗ ಮತ್ತು ಒಸಡಿನದು. ಪಶ್ಚಿಮದಲ್ಲಿ ಹೆಚ್ಚಾಗಿ ನಾಲಿಗೆ ಮತ್ತು ಬಾಯಿಯ ತಳದ್ದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಯೋಜನೆಯಲ್ಲಿ ಭಾರತ ತನ್ನ ಪಾಲಿಗೆ ಕೆನ್ನೆ-ಒಸಡಿನ ಕ್ಯಾನ್ಸರನ್ನೇ ಆರಿಸಿಕೊಂಡದ್ದು ಇದರಿಂದಲೇ. ತಲೆ-ಕುತ್ತಿಗೆಯ ಕ್ಯಾನ್ಸರು ಎಂಬ ಒಂದೇ ಕಟ್ಟಿನಲ್ಲಿ ಅಮೆರಿಕದ ಸ್ಲೈಡುಗಳಿಂದ ಕಲಿತ ಯಂತ್ರವನ್ನು ಬೆಂಗಳೂರಿನ ಕಿದ್ವಾಯಿಗೊ ಹುಬ್ಬಳ್ಳಿಯ ಕಿಮ್ಸ್‌ಗೊ ತಂದಿಟ್ಟರೆ ಹೇಗೆ ನಡೆದೀತು ಎಂಬುದನ್ನು ಅದರ ಅಮೆರಿಕದ ಅಂಕ ಹೇಳಲಾರದು.

ಕೆಲಸ ಬಲ್ಲವರಿಗೆ ಇಲ್ಲಿ ಕೊರತೆಯಿಲ್ಲ. ಸ್ಲೈಡುಗಳ ಬಣ್ಣ ಸಮ ಮಾಡಲು ಜಗತ್ತಿನ ಲ್ಯಾಬುಗಳು ಹೆಚ್ಚಾಗಿ ಬಳಸುವ ವಿಧಾನಗಳಲ್ಲೊಂದು 2016ರ ವಹದಾನೆ ವಿಧಾನ, ಅದರಲ್ಲಿ ಆಗ ಐಐಟಿ ಗುವಾಹಟಿಯಲ್ಲಿದ್ದ ಅಮಿತ್ ಸೇಠಿಯವರ ಪಾಲಿದೆ. ಮರುವರ್ಷ ಅವರದೇ ಗುಂಪು ಏಳು ಅಂಗಗಳ 30 ಚಿತ್ರಗಳಲ್ಲಿ 21,623 ಕೋಶಕೇಂದ್ರಗಳಿಗೆ ಕೈಯಿಂದ ಗೆರೆ ಎಳೆದು ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಚಿತ್ರಗಳು ಯಾರವು? ಟಿಸಿಜಿಎಯವು, ಏಕೆಂದರೆ ತೆರೆದು ಸಿಗುತ್ತಿದ್ದದ್ದು ಅವೇ. ಭಾರತದ ಶ್ರಮ, ಅಮೆರಿಕದ ಅಂಗಾಂಶ. ಈ ಸ್ಥಿತಿ ಈಗ ಸ್ವಲ್ಪ ಬದಲಾಗುತ್ತಿದೆ. ಐಐಐಟಿ ಹೈದರಾಬಾದ್ ಅಲ್ಲಿನ ನಿಮ್ಸ್ ಆಸ್ಪತ್ರೆಯೊಡನೆ ಸೇರಿ 367 ರೋಗಿಗಳ ಮೆದುಳು ಗಡ್ಡೆಗಳ 547 ಸ್ಲೈಡುಗಳನ್ನು 2024ರಲ್ಲಿ ಸಾರ್ವಜನಿಕಗೊಳಿಸಿತು. ಬೆಂಗಳೂರಿನ ಆಂಕೊಸ್ಟೆಮ್ ಸಂಸ್ಥೆಯ ಕ್ಯಾನ್‌ಅಸಿಸ್ಟ್ ಪರೀಕ್ಷೆ ಸ್ತನ ಕ್ಯಾನ್ಸರು ಐದು ವರ್ಷದೊಳಗೆ ಮರುಕಳಿಸುವ ಸಾಧ್ಯತೆಯನ್ನು ಹೇಳುತ್ತದೆ. ಐದು ಪ್ರೋಟೀನುಗಳ ಇಮ್ಯುನೊ ಬಣ್ಣವನ್ನು ಪೆಥಾಲಜಿಸ್ಟರು ಓದಿ ಕೊಟ್ಟ ಅಂಕಗಳನ್ನು ಗಡ್ಡೆಯ ಗಾತ್ರ, ದರ್ಜೆಗಳ ಜತೆ ಸೇರಿಸಿ ಯಂತ್ರಕಲಿಕೆಯಿಂದ ತೂಗುವ ಪರೀಕ್ಷೆಯದು. ಅದರ ಹಿಂದೆ ಭಾರತೀಯ ಮಹಿಳೆಯರ ಮಾದರಿಗಳಿವೆ.

ಹಾಗಾದರೆ ಒಟ್ಟಾರೆ ಲೆಕ್ಕ ಎಲ್ಲಿ ನಿಂತಿದೆ? 2024ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ಪರಿಶೀಲನೆ ಇಂಥ 100 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ರೋಗವನ್ನು ಹಿಡಿಯುವ ಪ್ರಮಾಣ ಸರಾಸರಿ ಶೇ. 96.3, ರೋಗವಿಲ್ಲದ್ದನ್ನು ಇಲ್ಲವೆನ್ನುವ ಪ್ರಮಾಣ ಶೇ. 93.3. ಅದರ ಬೆನ್ನಿಗೇ ಇನ್ನೊಂದು ಅಂಕಿ: ಆ ಅಧ್ಯಯನಗಳಲ್ಲಿ ಶೇ. 99ರಲ್ಲಿ ಒಂದಲ್ಲ ಒಂದು ಕಡೆ ಪಕ್ಷಪಾತದ ಅಪಾಯ ಹೆಚ್ಚಿತ್ತು ಅಥವಾ ಎಷ್ಟಿತ್ತೆಂದು ತಿಳಿಯುವಂತಿರಲಿಲ್ಲ. ಸ್ಲೈಡುಗಳನ್ನು ಹೇಗೆ ಆರಿಸಿದರು, ಮಸುಕಾದವನ್ನು ಕೈಬಿಟ್ಟರೆ, ಕಲಿತದ್ದೆಲ್ಲಿ ಪರೀಕ್ಷಿಸಿದ್ದೆಲ್ಲಿ ಎಂಬುದನ್ನೇ ಹಲವರು ಬರೆದಿರಲಿಲ್ಲ. ಮೊದಲ ಅಂಕಿಯನ್ನು ಹೇಳಿ ಎರಡನೆಯದನ್ನು ನುಂಗಿಕೊಳ್ಳುವ ಭಾಷಣಗಳನ್ನು ನಾವು ಬೇಕಾದಷ್ಟು ಕೇಳುತ್ತೇವೆ.

ಆಸ್ಪತ್ರೆಯ ದಿನನಿತ್ಯದಲ್ಲಿ ಯಂತ್ರ ಏನು ಕೊಟ್ಟಿತೆಂದು ತೋರಿಸಿದ ಅಧ್ಯಯನಗಳು ಈಗಷ್ಟೇ ಬರುತ್ತಿವೆ. ಅವುಗಳಲ್ಲೊಂದು ಉಟ್ರೆಕ್ಟ್‌ನದು, ಕ್ಯಾಮೆಲಿಯನ್16ಕ್ಕೆ ಸ್ಲೈಡು ಕೊಟ್ಟಿದ್ದ ಅದೇ ಆಸ್ಪತ್ರೆ. 2024ರಲ್ಲಿ ವರದಿಯಾದ ಕಾನ್ಫಿಡೆಂಟ್-ಬಿ ಪ್ರಯೋಗದಲ್ಲಿ ಕಾವಲು ಗ್ರಂಥಿಯ ಸ್ಲೈಡುಗಳನ್ನು ಒಂದಷ್ಟು ಪಾಳಿ ಯಂತ್ರದ ನೆರವಿನಿಂದ, ಒಂದಷ್ಟು ಪಾಳಿ ಅದಿಲ್ಲದೆ ಓದಲಾಯಿತು. ಅಲ್ಲಿ ಅಳೆದದ್ದು ನಿಖರತೆಯ ಅಂಕವನ್ನಲ್ಲ, ಇಮ್ಯುನೊ ಬಣ್ಣದ ಖರ್ಚನ್ನು. ಗುಲಾಬಿ-ನೀಲಿಯಲ್ಲೇ ಯಂತ್ರ ಜಾಗ ತೋರಿಸಿ ವೈದ್ಯರು ಒಪ್ಪಿದರೆ ದುಬಾರಿ ಬಣ್ಣ ಹಾಕಬೇಕಿಲ್ಲ. ಆ ಬಣ್ಣದ ಬಳಕೆ ಸುಮಾರು ಮೂರನೇ ಒಂದು ಭಾಗ ಇಳಿಯಿತು, ಸಾವಿರಾರು ಯೂರೊ ಉಳಿಯಿತು. ಪ್ಯಾಪ್‌ನೆಟ್ ಸೋತದ್ದು ಇಂಥ ಲೆಕ್ಕದಲ್ಲೇ.

ಈ ಉಳಿತಾಯವನ್ನು ಹಾಗೆಯೇ ಇಲ್ಲಿಗೆ ತರಲು ಬರುವುದಿಲ್ಲ. ಪ್ರತಿ ಕಾವಲು ಗ್ರಂಥಿಗೂ ಇಮ್ಯುನೊ ಬಣ್ಣ ಹಾಕುವ ಲ್ಯಾಬಿಗೆ ಅದು ಉಳಿತಾಯ. ಆ ಬಣ್ಣಕ್ಕಾಗಿ ಬ್ಲಾಕನ್ನು ದೊಡ್ಡ ಊರಿಗೆ ಕಳಿಸಿ ಕಾಯುವ ಲ್ಯಾಬಿಗೆ ಲಾಭ ದಿನಗಳಲ್ಲಿ ಸಿಗಬಹುದು. ಹಾಕದೇ ಇರುವ ಲ್ಯಾಬಿಗೆ ಲಾಭವೆಂದರೆ ಕಣ್ತಪ್ಪಿಹೋಗಬಹುದಾಗಿದ್ದ ಒಂದು ಚಿಕ್ಕ ಹರಡುವಿಕೆ. ಸ್ಕ್ಯಾನರಿನ ಬೆಲೆ, ಚಿತ್ರ ಇಡುವ ಜಾಗ, ಸ್ಕ್ಯಾನ್ ಮಾಡಲು ಒಬ್ಬ ಟೆಕ್ನಿಷಿಯನ್, ಇವೆಲ್ಲ ಖರ್ಚಿನ ಕಡೆ. ಕೊಳ್ಳುವ ಮುನ್ನ ಲ್ಯಾಬೊಂದು ತನ್ನ ಕಪಾಟಿನ ಹಳೆಯ ಸ್ಲೈಡುಗಳಲ್ಲಿ ಕೆಲವು ನೂರನ್ನು ತೆಗೆದು ಯಂತ್ರಕ್ಕೆ ಓದಿಸಬಹುದು. ಅವುಗಳಲ್ಲಿ ಮಡಿಚಿಕೊಂಡ ಪದರ, ಗಾಳಿಗುಳ್ಳೆ, ಮಾಸಿದ ಬಣ್ಣದವೂ ಇರಬೇಕು. ಇಬ್ಬರು ಹಿರಿಯರು ಒಮ್ಮತಕ್ಕೆ ಬಾರದವೂ ಇರಬೇಕು. ರೋಗಿಗೆ ಮುಂದೆ ಏನಾಯಿತೆಂದು ಕಡತದಲ್ಲಿ ದಾಖಲಾಗಿರುವವು ಆದಷ್ಟು ಹೆಚ್ಚಿರಬೇಕು. ಹೆಮಟಾಕ್ಸಿಲಿನ್‌ನ ಕಂಪನಿ ಬದಲಿಸಿದಾಗ ಅಥವಾ ಹೊಸ ಸ್ಕ್ಯಾನರು ಬಂದಾಗ ಅದೇ ಕಟ್ಟನ್ನು ಮತ್ತೊಮ್ಮೆ ಓದಿಸಬೇಕು.